ಸಿಹಿನೀರಿನ ಅಕ್ವೇರಿಯಂ: ಮೈಸೂರಿನ ನೀರಿನಲ್ಲಿ ಸ್ಥಾಪನೆ ಮತ್ತು ಸೈಕ್ಲಿಂಗ್

ಸಿಹಿನೀರಿನ ಅಕ್ವೇರಿಯಂ ಎಂದರೆ ನದಿ, ಕೆರೆ, ಹಳ್ಳಗಳಲ್ಲಿ ಬದುಕುವ ಮೀನುಗಳನ್ನೂ ಜಲಸಸ್ಯಗಳನ್ನೂ ಸಾಕಲು ಅಣಿಗೊಳಿಸಿದ ಗಾಜಿನ ತೊಟ್ಟಿ. ಮೀನಿನ ವಿಸರ್ಜನೆಯನ್ನು ನಿರಪಾಯಗೊಳಿಸುವ ಬ್ಯಾಕ್ಟೀರಿಯಾಗಳನ್ನು ಹೊಸ ತೊಟ್ಟಿಯ ಫಿಲ್ಟರಿನಲ್ಲಿ ಬೆಳೆಸಿಕೊಳ್ಳುವ ಕ್ರಮವನ್ನು ಮೀನು ಸಾಕುವವರು ಸೈಕ್ಲಿಂಗ್ ಎನ್ನುತ್ತಾರೆ. ಮೈಸೂರಿನ ಹವೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ, ನೀರು, ಮೀನು ಮೂರನ್ನೂ ಒಂದೇ ದಿನ ಕೂಡಿಸಿದ ಮನೆಗಳಲ್ಲಿ ಮೊದಲ ಕೆಲವು ವಾರಗಳಲ್ಲೇ ಮೀನು ಸಾಯುವುದಕ್ಕೆ ಬಹುಮಟ್ಟಿಗೆ ಈ ಬ್ಯಾಕ್ಟೀರಿಯಾಗಳ ಕೊರತೆಯೇ ಕಾರಣ. ಆದ್ದರಿಂದ ಹೊಸ ತೊಟ್ಟಿಯಲ್ಲಿ ಮೊದಲು ಸಾಕಬೇಕಾದ ಜೀವಿ ಬ್ಯಾಕ್ಟೀರಿಯಾ, ಆಮೇಲೆ ಮೀನು.

ಹಿನ್ನೆಲೆ

ಮೀನನ್ನು ಹಿಡಿಯದೆ, ತಿನಿಸಿಟ್ಟು ಕಾಪಾಡುವ ರೂಢಿ ಕರ್ನಾಟಕದಲ್ಲಿ ಹಳೆಯದು. ತುಂಗಾ ತೀರದ ಶೃಂಗೇರಿಯಲ್ಲೂ ಕಾವೇರಿ ದಂಡೆಯ ರಾಮನಾಥಪುರದಲ್ಲೂ ಭಕ್ತರು ಪುರಿ ಎರಚುವ ದೇವರ ಮೀನುಗಳಿವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದ್ದು, ಮೀನಿನ ಬಗೆಗಳು, ಅವಕ್ಕೆ ಹಾಕುವ ತಿನಿಸು ಮತ್ತು ಗಾಳ ಹಾಕುವ ಕ್ರಮ ಅದರಲ್ಲಿ ಬರುತ್ತವೆ. ಇವೆಲ್ಲ ಹೊಳೆ ಕೆರೆಗಳ ವಿಶಾಲ ನೀರಿನ ಮಾತು. ಅಲ್ಲಿ ಮೀನಿನ ಹೊಲಸನ್ನು ಹರಿವು ಒಯ್ಯುತ್ತದೆ, ಮಣ್ಣು ಮತ್ತು ಗಿಡಗಳು ಹೀರುತ್ತವೆ.

ಮುಚ್ಚಿದ ತೊಟ್ಟಿಯಲ್ಲಿ ನೀರನ್ನು ಸಮತೋಲದಲ್ಲಿಡುವ ಪ್ರಯತ್ನ ಯೂರೋಪಿನಲ್ಲಿ 19ನೆಯ ಶತಮಾನದಲ್ಲಿ ನಡೆಯಿತು. ಇಂಗ್ಲೆಂಡಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ವ್ಯಾಲಿಸ್ನೇರಿಯ ಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗಿಟ್ಟು ನಡೆಸಿದ ಪ್ರಯೋಗವನ್ನು 1850ರಲ್ಲಿ ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಭಾರತದಲ್ಲಿ ಮುಂಬಯಿಯ ತಾರಾಪೋರೆವಾಲಾ ಅಕ್ವೇರಿಯಂ 1951ರಲ್ಲೂ ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರಲ್ಲೂ ಆರಂಭವಾದವು.

ತೊಟ್ಟಿಯ ಕಾಣದ ಕೆಲಸವನ್ನು ವಿವರಿಸಿದ್ದು ಮಣ್ಣಿನ ವಿಜ್ಞಾನ. ಕೊಳಚೆನೀರಿನ ಅಮೋನಿಯ ನೈಟ್ರೇಟ್ ಆಗುವುದು ಜೀವಿಗಳಿಂದಲೇ ಎಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ 1877ರಲ್ಲಿ ತೋರಿಸಿದರು. ಸೆರ್ಗೇಯ್ ವಿನೊಗ್ರಾಡ್ಸ್ಕಿ 1890ರ ಹೊತ್ತಿಗೆ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ. ತೊಟ್ಟಿಗಳಲ್ಲಿ ನೈಟ್ರೈಟನ್ನು ಉತ್ಕರ್ಷಿಸುವ ಮುಖ್ಯ ಜೀವಿ ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ನಂಬಲಾಗಿತ್ತು; ಅದು ನೈಟ್ರೊಸ್ಪೈರ ಗುಂಪಿನದೆಂದು 1998ರ ಸಂಶೋಧನೆ ತೋರಿಸಿತು. ಅಮೋನಿಯದಿಂದ ನೈಟ್ರೇಟ್‌ವರೆಗಿನ ಎರಡೂ ಹೆಜ್ಜೆಗಳನ್ನು ಒಂದೇ ಕೋಶದಲ್ಲಿ ಪೂರೈಸುವ ನೈಟ್ರೊಸ್ಪೈರಗಳು 2015ರಲ್ಲಿ ಪತ್ತೆಯಾದವು.

ಸಾರಜನಕ ಚಕ್ರ

ಮೀನು ತಿಂದ ಪ್ರೋಟೀನಿನ ಸಾರಜನಕದ ಬಹುಭಾಗ ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಕೊಳೆತ ಎಲೆಗಳಿಂದಲೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಅಮೋನಿಯಕ್ಕೆ ಎರಡು ರೂಪ: ವಿಷಕಾರಿಯಾದ ಮುಕ್ತ ಅಮೋನಿಯ ಮತ್ತು ಅಷ್ಟಾಗಿ ಹಾನಿ ಮಾಡದ ಅಮೋನಿಯಂ. ಇವುಗಳ ಪ್ರಮಾಣವನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಮುಕ್ತ ರೂಪದ ಪಾಲು ಶೇ. 0.6ರಷ್ಟು. ಪಿಎಚ್ 8ಕ್ಕೇರಿದರೆ ಅದು ಶೇ. 5ನ್ನು ದಾಟುತ್ತದೆ. ಒಂದೇ ಪ್ರಮಾಣದ ಹೊಲಸು ಗಡುಸಾದ, ಕ್ಷಾರೀಯ ಬೋರ್‌ವೆಲ್ ನೀರಿನಲ್ಲಿ ಮೀನನ್ನು ಕೊಲ್ಲಬಹುದು, ಮೆದುನೀರಿನಲ್ಲಿ ಅದೇ ಮೀನು ಉಳಿಯಬಹುದು.

ಚಕ್ರದ ಮೊದಲ ಹೆಜ್ಜೆಯಲ್ಲಿ ನೈಟ್ರೊಸೊಮೊನಾಸ್ ಮುಂತಾದ ಜೀವಿಗಳು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಮೀನಿನ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕವನ್ನು ಒಯ್ಯಲಾರದಾಗುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯುವುದು ಇದರ ಲಕ್ಷಣ. ಎರಡನೆಯ ಹೆಜ್ಜೆಯಲ್ಲಿ ನೈಟ್ರೈಟ್ ಹೋಗಿ ನೈಟ್ರೇಟ್ ಆಗುತ್ತದೆ. ಇದರ ವಿಷ ಬಹಳ ಕಡಿಮೆ. ಇದನ್ನು ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನೀರು ಬದಲಾಯಿಸಿ ತೆಗೆಯಬೇಕು.

ಈ ಜೀವಿಗಳು ನೀರಿನಲ್ಲಿ ತೇಲುತ್ತ ಇರುವುದು ಕಡಿಮೆ. ಸ್ಪಾಂಜು, ಮರಳು, ಕಲ್ಲು, ಗಾಜಿನ ಮೇಲೆ ಲೋಳೆಪದರವಾಗಿ ಅಂಟಿಕೊಂಡು ಬಾಳುತ್ತವೆ. ಅನುಕೂಲ ಸ್ಥಿತಿಯಲ್ಲೂ ಇಮ್ಮಡಿಯಾಗಲು ಅವಕ್ಕೆ ಅರ್ಧ ದಿನದಿಂದ ಒಂದೆರಡು ದಿನ ಬೇಕಾಗುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳಂತೆ ರಾತ್ರಿ ಕಳೆಯುವುದರೊಳಗೆ ಇವು ತುಂಬಿಕೊಳ್ಳುವುದಿಲ್ಲ. ಸೈಕ್ಲಿಂಗಿಗೆ ವಾರಗಳೇ ಬೇಕಾಗುವುದು ಇದಕ್ಕಾಗಿ. ಅವುಗಳ ಅಗತ್ಯ ಎರಡು. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಮಿ.ಗ್ರಾಂ ಆಮ್ಲಜನಕ ಬೇಕು, ಜೊತೆಗೆ ನೀರಿನ ಕ್ಷಾರತೆಯಲ್ಲಿ ಸುಮಾರು 7.1 ಮಿ.ಗ್ರಾಂ ಖರ್ಚಾಗುತ್ತದೆ.

ಮೈಸೂರಿನ ನೀರು

ನಗರಕ್ಕೆ ಕಾವೇರಿ ನೀರು ಹೊಂಗಳ್ಳಿ, ಬೆಳಗೊಳ, ಮೇಳಾಪುರ ಕೇಂದ್ರಗಳಿಂದಲೂ ಕಬಿನಿ ನೀರು ಬಿದರಗೋಡಿನಿಂದಲೂ ಬರುತ್ತದೆ. ಹಂಚಿಕೆಯ ಹೊಣೆ ವಾಣಿ ವಿಲಾಸ ನೀರು ಸರಬರಾಜು ಕೇಂದ್ರದ್ದು. ಶುದ್ಧೀಕರಿಸಿದ ಈ ನೀರಿಗೆ ಕ್ಲೋರಿನ್ ಸೇರಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಮನುಷ್ಯರನ್ನು ಕಾಯುವ ಈ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ಕೆಂಪಾದಾಗ ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಹೆಚ್ಚಬಹುದು. ಕೆಲವು ಮನೆಗಳಲ್ಲಿ ಸಂಪಿಗೆ ಬ್ಲೀಚಿಂಗ್ ಪುಡಿ ಹಾಕುವ ರೂಢಿಯೂ ಇದೆ.

ಕ್ಲೋರಿನ್ ಕಳೆಯಲು ಎರಡು ದಾರಿ. ಅಗಲ ಬಾಯಿಯ ಬಕೆಟ್ ಅಥವಾ ಡ್ರಮ್ಮಿನಲ್ಲಿ ನೀರನ್ನು ಏರ್ ಪಂಪಿನಿಂದ 24 ಗಂಟೆ ಕಲಕಿಸುವುದು ಒಂದು. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಹೈಪೋ ಎಂದು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಹಾಕುವುದು ಇನ್ನೊಂದು. ಒಂದು ಮಿ.ಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿ.ಗ್ರಾಂ ಹೈಪೋ ಹರಳು ಬೇಕು. ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಇರುವ 50 ಲೀಟರ್ ನೀರಿಗೆ 0.2 ಗ್ರಾಂ ಸಾಕು. ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಹೆಸರಿನಲ್ಲಿ ಸಿಗುವ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ. ಆದರೆ ಗೀಸರ್, ನಲ್ಲಿ, ಪಾತ್ರೆಗಳ ಮೇಲೆ ಬಿಳಿ ಪೊರೆ ಕಟ್ಟಿಸುವ ಗಡಸುತನ ಇರುತ್ತದೆ. ನೆಲದಾಳದಿಂದ ಬರುವ ಈ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಆದ್ದರಿಂದ ಒಂದು ದಿನ ಗಾಳಿಯಾಡಿಸಿಯೇ ಬಳಸಬೇಕು. ಅದರ ಹೆಚ್ಚಿನ ಕ್ಷಾರತೆ ಸೈಕ್ಲಿಂಗಿಗೆ ಅನುಕೂಲ. ಆರ್‌ಒ ಯಂತ್ರದ ನೀರು ಇದಕ್ಕೆ ತದ್ವಿರುದ್ಧ. ಅದರಲ್ಲಿ ಕ್ಷಾರತೆ ಅತ್ಯಲ್ಪವಾದ್ದರಿಂದ ನೈಟ್ರೀಕರಣ ಶುರುವಾದೊಡನೆ ಪಿಎಚ್ ಕುಸಿಯುತ್ತದೆ, 6ಕ್ಕಿಂತ ಕೆಳಗಿಳಿದರೆ ಕೆಲಸ ಬಹುತೇಕ ನಿಲ್ಲುತ್ತದೆ. ಅನೇಕ ಮನೆಗಳಲ್ಲಿ ನಲ್ಲಿ ನೀರೂ ಬೋರ್ ನೀರೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಅಂಥಲ್ಲಿ ಬೀದಿಯ ನೀರಿನ ಗುಣವನ್ನು ನಂಬದೆ ತಮ್ಮ ಮನೆಯ ನೀರನ್ನೇ ಪರೀಕ್ಷಿಸಬೇಕು.

ತೊಟ್ಟಿ ಮತ್ತು ಅದರ ಜಾಗ

ಹೊಸಬರಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಒಳ್ಳೆಯ ಆರಂಭ. ಅದು ಸುಮಾರು 55 ಲೀಟರ್ ಹಿಡಿಯುತ್ತದೆ. ಚಿಕ್ಕ ತೊಟ್ಟಿಯನ್ನು ನೋಡಿಕೊಳ್ಳುವುದು ಸುಲಭ ಎಂಬ ನಂಬಿಕೆ ತಪ್ಪು. ನೀರು ಕಡಿಮೆಯಾದಷ್ಟೂ ಅಮೋನಿಯ ಬೇಗ ಏರುತ್ತದೆ, ಉಷ್ಣತೆ ಬೇಗ ಏರಿಳಿಯುತ್ತದೆ. ಚಿನ್ನದ ಮೀನನ್ನು ದುಂಡನೆಯ ಗಾಜಿನ ಬಟ್ಟಲಿನಲ್ಲಿಡುವ ಪದ್ಧತಿಯನ್ನು ಬಿಡಲೇಬೇಕು. ಅದು ದೊಡ್ಡದಾಗಿ ಬೆಳೆಯುವ, ಹೆಚ್ಚು ವಿಸರ್ಜಿಸುವ ಮೀನು.

55 ಲೀಟರಿನ ತೊಟ್ಟಿ ನೀರು, ಮರಳು, ಕಲ್ಲು, ಗಾಜು ಸೇರಿ 75 ಕಿಲೋ ಮೀರಬಹುದು. ಕಡಪ ಕಲ್ಲಿನ ಗಟ್ಟಿ ಕಟ್ಟೆ ಅಥವಾ ವೆಲ್ಡ್ ಮಾಡಿಸಿದ ಕಬ್ಬಿಣದ ಸ್ಟ್ಯಾಂಡ್ ಬೇಕು. ಮಟ್ಟಗೋಲಿನಿಂದ ಸಮತಟ್ಟು ನೋಡಿ, ತಳಕ್ಕೆ ಥರ್ಮೋಕೋಲ್ ಹಾಳೆ ಹಾಸಬೇಕು. ನೇರ ಬಿಸಿಲು ಬೀಳುವ ಕಿಟಕಿ ಪಾಚಿಗೆ ದಾರಿ ಮಾಡಿಕೊಡುತ್ತದೆ. ಹೊಸದಾಗಿ ಅಂಟಿಸಿದ ತೊಟ್ಟಿಯಲ್ಲಿ ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾದು, ನೀರು ತುಂಬಿ ಒಂದು ದಿನ ಸೋರಿಕೆ ನೋಡಬೇಕು. ಸೋಪು, ಡಿಟರ್ಜೆಂಟ್ ತಾಗಿಸಬಾರದು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಕರಾವಳಿಗಿಂತ ಇಲ್ಲಿನ ನೀರಿನಲ್ಲಿ ಕರಗುವ ಆಮ್ಲಜನಕ ಶೇ. 8–9ರಷ್ಟು ಕಡಿಮೆ. ಏಪ್ರಿಲ್ ಬಿಸಿಲಿನಲ್ಲಿ ನೀರು 30 ಡಿಗ್ರಿಗೇರಿದಾಗ ಲೀಟರಿಗೆ ಕರಗಬಲ್ಲದ್ದು 7 ಮಿ.ಗ್ರಾಂ ಆಸುಪಾಸು. ಹೀಗಾಗಿ ಬೇಸಿಗೆಯಲ್ಲಿ ಏರ್ ಪಂಪ್ ನಿಲ್ಲಿಸಬಾರದು. ಡಿಸೆಂಬರ್–ಜನವರಿಯ ತಂಪು ರಾತ್ರಿಗಳಲ್ಲಿ ನೀರು 20 ಡಿಗ್ರಿಯತ್ತ ಇಳಿದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನವಾಗುತ್ತದೆ. ಆಗ ಸೈಕ್ಲಿಂಗ್ ಮಾಡುವವರು ಹೀಟರನ್ನು 26–28 ಡಿಗ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ತಳಹಾಸು, ಕಲ್ಲು, ಗಿಡ

ತೊಳೆದ ಸಣ್ಣ ಗರಸು ಅಥವಾ ಮರಳನ್ನು ಎರಡು ಅಂಗುಲ ದಪ್ಪಕ್ಕೆ ಹಾಸಿದರೆ ಸಾಕು. ಎಂ-ಸ್ಯಾಂಡಿನ ಚೂಪು ಅಂಚು ತಳದಲ್ಲಿ ಮೇಯುವ ಮೀನುಗಳ ಮೀಸೆಯನ್ನು ತರಿಯುತ್ತದೆ. ಚಾಮುಂಡಿ ಬೆಟ್ಟದ ಬಂಡೆಯಂಥ ಗ್ರಾನೈಟ್ ಜಾತಿಯ ಕಲ್ಲು ನೀರಿನ ಗುಣವನ್ನು ಕೆಡಿಸುವುದಿಲ್ಲ. ಅಮೃತಶಿಲೆಯ ಚೂರು, ಚಿಪ್ಪು, ಸುಣ್ಣಕಲ್ಲುಗಳು ಕರಗಿ ಗಡಸುತನ ಏರಿಸುತ್ತವೆ. ಅನುಮಾನವಿದ್ದ ಕಲ್ಲಿನ ಮೇಲೆ ವಿನಿಗರ್ ಹನಿಸಿದಾಗ ನೊರೆ ಬಂದರೆ ಅದನ್ನು ಹಾಕಬಾರದು. ಬಾದಾಮಿ ಮರದ ಒಣಗಿದ ಎಲೆಗಳನ್ನು ತೊಳೆದು ಒಂದೆರಡು ಹಾಕಿದರೆ ನೀರು ಚಹದ ಬಣ್ಣಕ್ಕೆ ತಿರುಗುತ್ತದೆ. ಮೆದುನೀರಿನ ಮೀನುಗಳಿಗೆ ಇದು ಹಿತ.

ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಹಾರ್ನ್‌ವರ್ಟ್ ಗಿಡಗಳು ಅಮೋನಿಯವನ್ನು ನೇರವಾಗಿ ಹೀರುತ್ತವೆ. ಸೈಕ್ಲಿಂಗಿನ ಮೊದಲ ದಿನದಿಂದಲೇ ಇವುಗಳನ್ನು ದಟ್ಟವಾಗಿ ನೆಟ್ಟರೆ ವಿಷದ ಏರಿಕೆ ತಗ್ಗುತ್ತದೆ. ದಿನಕ್ಕೆ 7–8 ಗಂಟೆ ಎಲ್‌ಇಡಿ ಬೆಳಕು ಸಾಕು.

ಫಿಲ್ಟರ್ ಮತ್ತು ವಿದ್ಯುತ್ತು

ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಅಗ್ಗದ್ದು, ನಂಬಿಕೆಯದು. ಇದು ನೀರನ್ನು ಸೋಸುವುದರ ಜೊತೆಗೆ ಗಾಳಿಯನ್ನೂ ಆಡಿಸುತ್ತದೆ. ದೊಡ್ಡ ತೊಟ್ಟಿಗೆ ಹೊರಗೆ ತೂಗುಹಾಕುವ ಅಥವಾ ಕ್ಯಾನಿಸ್ಟರ್ ಫಿಲ್ಟರ್ ಬಳಸಬಹುದು. ಒಳಗೆ ಸ್ಪಾಂಜಿನೊಂದಿಗೆ ಸೆರಾಮಿಕ್ ಉಂಗುರ ತುಂಬಿದರೆ ಬ್ಯಾಕ್ಟೀರಿಯಾಗಳಿಗೆ ನೆಲೆ ಹೆಚ್ಚು.

ಕರೆಂಟು ಹೋದಾಗ ಕ್ಯಾನಿಸ್ಟರಿನ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರಿ ಬ್ಯಾಕ್ಟೀರಿಯಾಗಳು ನರಳುತ್ತವೆ. ವಿದ್ಯುತ್ ಪೂರೈಸುವ ಸೆಸ್ಕ್ ಕಂಪನಿ ದಿನವಿಡೀ ನಿಲುಗಡೆಯಿದೆಯೆಂದು ಮೊದಲೇ ತಿಳಿಸಿದ ದಿನ ಬ್ಯಾಟರಿ ಏರ್ ಪಂಪ್ ಸಿದ್ಧವಿರಬೇಕು ಅಥವಾ ಪಂಪನ್ನು ಮನೆಯ ಯುಪಿಎಸ್‌ಗೆ ಜೋಡಿಸಿರಬೇಕು. ಬಹಳ ಹೊತ್ತು ನಿಂತಿದ್ದ ಕ್ಯಾನಿಸ್ಟರನ್ನು ಒಳಗಿನ ಕೊಳೆತ ನೀರು ಚೆಲ್ಲಿಯೇ ಮತ್ತೆ ಚಾಲೂ ಮಾಡಬೇಕು.

ಸೈಕ್ಲಿಂಗ್ ವಿಧಾನಗಳು

ಮೀನಿಲ್ಲದ ಸೈಕ್ಲಿಂಗ್. ಯಾವ ಜೀವಕ್ಕೂ ನೋವಾಗದ ಈ ವಿಧಾನವೇ ಶ್ರೇಷ್ಠ. ತೊಟ್ಟಿಗೆ ನೀರು ತುಂಬಿ, ಕ್ಲೋರಿನ್ ಕಳೆದು, ಫಿಲ್ಟರ್ ಚಾಲೂ ಮಾಡಿ, ಅಮೋನಿಯವನ್ನು ನಾವೇ ಒದಗಿಸಬೇಕು. ಇದಕ್ಕೆ ಒದಗುವ ಲವಣ ಅಮೋನಿಯಂ ಕ್ಲೋರೈಡ್, ಅಂದರೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ. ಗ್ರಂಧಿಗೆ ಅಂಗಡಿಯ ನವಸಾಗರದಲ್ಲಿ ಕಲಬೆರಕೆ ಇರಬಹುದಾದ್ದರಿಂದ ಪ್ರಯೋಗಶಾಲೆ ದರ್ಜೆಯದನ್ನೇ ಕೊಳ್ಳಬೇಕು. 50 ಲೀಟರಿಗೆ 0.3ರಿಂದ 0.4 ಗ್ರಾಂ ಹಾಕಿದರೆ ಒಟ್ಟು ಅಮೋನಿಯ ಲೀಟರಿಗೆ 2 ಮಿ.ಗ್ರಾಂ ಆಗುತ್ತದೆ. ಲವಣ ಸಿಗದವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬಹುದು. ಅಳತೆ ಸಿಗುವುದಿಲ್ಲ, ಕಾಲವೂ ಹೆಚ್ಚು ಬೇಕು.

ಹೆಪ್ಪು ಹಾಕುವುದು. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಾಂಜಿನ ತುಂಡು ಅಥವಾ ಸೆರಾಮಿಕ್ ಉಂಗುರಗಳನ್ನು ಆ ತೊಟ್ಟಿಯದೇ ನೀರಿನಲ್ಲಿ ಮುಳುಗಿಸಿ ತಂದು ಹೊಸ ಫಿಲ್ಟರಿನಲ್ಲಿಟ್ಟರೆ ವಾರಗಳ ಕೆಲಸ ದಿನಗಳಿಗೆ ಇಳಿಯಬಹುದು. ಹಳೆಯ ತೊಟ್ಟಿಯ ನೀರನ್ನಷ್ಟೇ ತಂದರೆ ಪ್ರಯೋಜನ ಅಲ್ಪ. ಬಾಟಲಿಗಳಲ್ಲಿ ಮಾರುವ ಬ್ಯಾಕ್ಟೀರಿಯಾಗಳ ಫಲ ಅವು ಎಷ್ಟು ತಾಜಾ, ಎಷ್ಟು ತಂಪಿನಲ್ಲಿದ್ದವು ಎಂಬುದನ್ನು ಅವಲಂಬಿಸಿರುತ್ತದೆ.

ಮೀನಿರುವ ಸೈಕ್ಲಿಂಗ್. ಈಗಾಗಲೇ ಮೀನು ಮನೆಗೆ ಬಂದಿದ್ದರೆ ಮಾತ್ರ ಈ ದಾರಿ. ಆಹಾರವನ್ನು ದಿನ ಬಿಟ್ಟು ದಿನ ಅತ್ಯಲ್ಪ ಕೊಡಬೇಕು. ಪ್ರತಿದಿನ ಪರೀಕ್ಷಿಸಿ, ಅಮೋನಿಯ ಅಥವಾ ನೈಟ್ರೈಟ್ ಲೀಟರಿಗೆ 0.5 ಮಿ.ಗ್ರಾಂ ತಲುಪುವ ಮೊದಲೇ ಶೇ. 25–30 ನೀರನ್ನು ಬದಲಾಯಿಸಬೇಕು. ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿದರೆ ಅದರ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ.

ಹಂತಗಳು

ಬಣ್ಣ ಹೋಲಿಸಿ ನೋಡುವ ಹನಿ-ಪರೀಕ್ಷೆಯ ಕಿಟ್ ಇಲ್ಲದೆ ಸೈಕ್ಲಿಂಗ್ ಕುರುಡು ಕೆಲಸವಾಗುತ್ತದೆ. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿಎಚ್ ಈ ನಾಲ್ಕನ್ನು ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಬೇಕು.

ಮೊದಲ ವಾರದಲ್ಲಿ ಅಮೋನಿಯ ಹಾಕಿದಷ್ಟೇ ನಿಲ್ಲುತ್ತದೆ. ನೀರು ಹಾಲಿನಂತೆ ಮಬ್ಬಾಗಬಹುದು. ಇದು ಬೇರೆ ಜಾತಿಯ ಬ್ಯಾಕ್ಟೀರಿಯಾಗಳ ಹಠಾತ್ ಏರಿಕೆ, ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಎರಡನೆಯ ವಾರದ ಹೊತ್ತಿಗೆ ಅಮೋನಿಯ ಇಳಿದು ನೈಟ್ರೈಟ್ ಕಾಣಿಸಿಕೊಳ್ಳುತ್ತದೆ. ಮೂರು–ನಾಲ್ಕನೆಯ ವಾರಗಳಲ್ಲಿ ನೈಟ್ರೈಟ್ ಬಹಳ ಏರಿ, ಇಳಿಯದೆ ಸತಾಯಿಸುತ್ತದೆ. ಈ ಘಟ್ಟದಲ್ಲಿ ಅಮೋನಿಯವನ್ನು ಅರ್ಧಕ್ಕಿಳಿಸಬೇಕು. ಗಾಜಿಗೆ ಕಂದು ಪುಡಿಯಂತೆ ಡಯಾಟಮ್ ಪಾಚಿ ಹಿಡಿಯುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ. ಆಮೇಲೆ ನೈಟ್ರೈಟ್ ದಿಢೀರನೆ ಕುಸಿದು ನೈಟ್ರೇಟ್ ಏರುತ್ತದೆ.

ಪೂರ್ಣಗೊಂಡದ್ದಕ್ಕೆ ಒರೆಗಲ್ಲು ಒಂದೇ: ಲೀಟರಿಗೆ 2 ಮಿ.ಗ್ರಾಂ ಅಮೋನಿಯ ಹಾಕಿದ 24 ಗಂಟೆಯೊಳಗೆ ಅಮೋನಿಯವೂ ನೈಟ್ರೈಟೂ ಶೂನ್ಯ ತೋರಿಸಬೇಕು, ಎರಡು–ಮೂರು ದಿನ ಸತತವಾಗಿ. ನೀರು ತಿಳಿಯಾಗಿದೆ ಎಂಬುದು ಸಾಕ್ಷಿಯಾಗದು, ಅಮೋನಿಯಕ್ಕೆ ಬಣ್ಣವಿಲ್ಲ.

ಕೆಲಸ ನಿಂತಂತೆ ಕಂಡರೆ ಮೊದಲು ಪಿಎಚ್ ನೋಡಬೇಕು. ಅದು ಇಳಿದಿದ್ದರೆ ಸ್ವಲ್ಪ ನೀರು ಬದಲಾಯಿಸಬೇಕು ಅಥವಾ ಅಡುಗೆ ಸೋಡ ಹಾಕಬೇಕು. 50 ಲೀಟರಿಗೆ ಒಂದು ಗ್ರಾಂ ಸೋಡ ಕ್ಷಾರತೆಯನ್ನು ಲೀಟರಿಗೆ ಸುಮಾರು 12 ಮಿ.ಗ್ರಾಂ ಏರಿಸುತ್ತದೆ. ಪಿಎಚ್ ಸರಿಯಿದ್ದರೆ ಕ್ಲೋರಿನ್ ಉಳಿದಿತ್ತೇ, ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆಯಲಾಯಿತೇ, ನೀರು ತಣ್ಣಗಾಗಿದೆಯೇ ಎಂದು ವಿಚಾರಿಸಬೇಕು.

ಮೀನುಗಳ ಆಯ್ಕೆ

ಸೈಕ್ಲಿಂಗ್ ಮುಗಿದ ಮೇಲೆ ಅರ್ಧಕ್ಕೂ ಹೆಚ್ಚು ನೀರು ಬದಲಾಯಿಸಿ ನೈಟ್ರೇಟ್ ಇಳಿಸಿ, ಮೀನುಗಳನ್ನು ಕಂತಿನಲ್ಲಿ ಬಿಡಬೇಕು. 55 ಲೀಟರಿಗೆ ಮೊದಲು ಐದಾರು ಸಣ್ಣ ಮೀನು ಸಾಕು. ಒಂದು ವಾರ ಪರೀಕ್ಷೆ ಸರಿಯಿದ್ದರೆ ಮತ್ತಷ್ಟು. ತಂದ ಚೀಲವನ್ನು 15–20 ನಿಮಿಷ ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಬೇಕು.

ಬೋರ್ ನೀರಿನ ಮನೆಗಳಿಗೆ ಗಪ್ಪಿ, ಮೋಲಿ, ಪ್ಲಾಟಿ ಒಗ್ಗುತ್ತವೆ. ಅಮೆಜಾನ್ ಕೊಳ್ಳದ ನಿಯಾನ್ ಟೆಟ್ರಾಗೆ ಮೆದುನೀರು ಬೇಕು. ಆರ್‌ಒ ನೀರನ್ನು ನಲ್ಲಿ ನೀರಿನೊಂದಿಗೆ ಬೆರೆಸಿ ಅದನ್ನು ಸಾಕಬಹುದು. ಪಶ್ಚಿಮ ಘಟ್ಟದ ಮೀನುಗಳಲ್ಲಿ ಮಿಸ್ ಕೇರಳ ಎಂದು ಹೆಸರಾದ ಡೆನಿಸನ್ ಬಾರ್ಬನ್ನು ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದ. ಕಾಸರಗೋಡಿನ ಚಂದ್ರಗಿರಿ ಸೇರಿದಂತೆ ಪಶ್ಚಿಮಕ್ಕೆ ಹರಿಯುವ ಹೊಳೆಗಳು ಇದರ ನೆಲೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಇದು ಅಳಿವಿನಂಚಿಗೆ ಬಂದಿದೆ. ಸಾಕಬಯಸುವವರು ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನಷ್ಟೇ ಕೇಳಿ ಪಡೆಯಬೇಕು. ನಾಲ್ಕು ಅಡಿಯ, ಹರಿವುಳ್ಳ, ತಿಂಗಳುಗಟ್ಟಲೆ ಪಳಗಿದ ತೊಟ್ಟಿಯಿದ್ದರೆ ಮಾತ್ರ ಇದು ಉಳಿಯುತ್ತದೆ.

ನಿರ್ವಹಣೆ

ವಾರಕ್ಕೊಮ್ಮೆ ಶೇ. 20–25 ನೀರು ಬದಲಾವಣೆ, ನೈಟ್ರೇಟ್ ಲೀಟರಿಗೆ 40 ಮಿ.ಗ್ರಾಂ ಮೀರದಂತೆ ಎಚ್ಚರ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ: ಇಷ್ಟು ಪಾಲಿಸಿದರೆ ತೊಟ್ಟಿ ವರ್ಷಗಟ್ಟಲೆ ಉಳಿಯುತ್ತದೆ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ತಿಂಗಳಿಗೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಎಲ್ಲವನ್ನೂ ಉಜ್ಜಿ ತೊಳೆಯುವ ಪದ್ಧತಿ ಬ್ಯಾಕ್ಟೀರಿಯಾಗಳನ್ನು ನಾಶಮಾಡಿ ಸೈಕ್ಲಿಂಗನ್ನು ಮೊದಲಿನಿಂದ ಶುರುವಾಗಿಸುತ್ತದೆ. ಉಪ್ಪು, ಔಷಧ ಬೆರೆಸದ ಹಳೆಯ ನೀರು ನೈಟ್ರೇಟ್ ತುಂಬಿದ ಗೊಬ್ಬರ. ಹಿತ್ತಲಿನ ಮಲ್ಲಿಗೆ, ತುಳಸಿ, ಕರಿಬೇವಿಗೆ ಹಾಕಬಹುದು.

ಪರಿಸರದ ಹೊಣೆ

ಬೇಡವಾದ ಮೀನನ್ನು ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಿಗೋ ಕಾವೇರಿಗೋ ಬಿಡುವುದು ಕರುಣೆಯಂತೆ ಕಂಡರೂ ಅನಾಹುತದ ಕೆಲಸ. ಗಾಜಿನ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ಸಕ್ಕರ್ ಕ್ಯಾಟ್‌ಫಿಶ್ ಭಾರತದ ಅನೇಕ ಕೆರೆ ನದಿಗಳಲ್ಲಿ ನೆಲೆಯೂರಿ ದೇಶೀಯ ಮೀನುಗಳ ಜಾಗ ಕಿತ್ತುಕೊಂಡಿದೆ. ಸೊಳ್ಳೆ ನಿಯಂತ್ರಣಕ್ಕೆ 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಕೂಡ ಹೀಗೆಯೇ ಹರಡಿದೆ. ದೊಡ್ಡದಾದ ಮೀನನ್ನು ಅಂಗಡಿಗೆ ಮರಳಿಸಬೇಕು ಅಥವಾ ಸಾಕುವವರಿಗೆ ಕೊಡಬೇಕು. ಕತ್ತರಿಸಿದ ಜಲಸಸ್ಯಗಳನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು, ಚರಂಡಿಗೆ ಹಾಕಬಾರದು.

ತೊಟ್ಟಿಯಲ್ಲಿ ಕಲಿಯುವ ಸಾರಜನಕದ ಲೆಕ್ಕ ಕೆರೆಗೂ ಅನ್ವಯಿಸುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆಯಂಥ ಜಲಾಶಯಕ್ಕೆ ಕೊಳಚೆ ಸೇರಿದಾಗಲೂ ಇದೇ ಅಮೋನಿಯ ಏರುತ್ತದೆ, ಇದೇ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಹೀರುತ್ತವೆ, ಇದೇ ನೈಟ್ರೇಟ್ ಪಾಚಿಯನ್ನೂ ಅಂತರಗಂಗೆಯನ್ನೂ ಉಬ್ಬಿಸುತ್ತದೆ. ಶಾಲೆಯ ಮೂಲೆಯಲ್ಲೊಂದು ತೊಟ್ಟಿಯಿಟ್ಟು, ಮಕ್ಕಳಿಂದಲೇ ಆರು ವಾರ ಪರೀಕ್ಷೆ ಮಾಡಿಸಿ ಅಂಕಿಗಳನ್ನು ಬರೆಸಿದರೆ, ಊರಿನ ಕೆರೆಗೆ ಒಳಚರಂಡಿ ನೀರು ಏಕೆ ಸೇರಬಾರದೆಂಬುದು ಆ ಮಕ್ಕಳಿಗೆ ತಮ್ಮದೇ ಲೆಕ್ಕದಿಂದ ತಿಳಿಯುತ್ತದೆ.